ರೈಲಿಗೆ ದಾರಿ ತೋರಿಸೋ ನಾಲಿಗೆ: ಪಾಯಿಂಟ್‌ಗಳ ಇನ್ನೂರು ವರ್ಷದ ಕಥೆ

ಭಾಗ 1

ಹೋದ ವಾರ ಸ್ಟೋರೀಲಿ ಒಂದು ಪ್ರಶ್ನೆ ಹಾಕಿದ್ದೆ, ನೆನಪಿದೆಯಾ? "ರೈಲು ಒಂದು ಹಳಿಯಿಂದ ಇನ್ನೊಂದು ಹಳಿಗೆ ಹೋಗುವಾಗ ಅದನ್ನ ತಿರುಗಿಸೋದು ಯಾರು?" ಬಹಳಷ್ಟು ಜನ "ಡ್ರೈವರ್" ಅಂತ ಒತ್ತಿದ್ರಿ. ನಮ್ಮ ಕ್ಲಾಸಿನ ಹಿಂದಿನ ಬೆಂಚಿನವನೊಬ್ಬ "ದೇವ್ರು" ಅಂತ ಮೆಸೇಜ್ ಮಾಡಿದ್ದ. ಇಬ್ಬರೂ ತಪ್ಪು. ಆದ್ರೆ ಈ ಸರಣಿ ಮುಗಿಯೋ ಹೊತ್ತಿಗೆ ಎರಡನೇ ಉತ್ತರಕ್ಕೆ ಅರ್ಧ ಮಾರ್ಕ್ಸ್ ಕೊಡಬಹುದೇನೋ.

ಲೋಕೋ ಪೈಲಟ್ ಕೈಲಿ ವೇಗ ಇದೆ, ಬ್ರೇಕ್ ಇದೆ, ಹಾರ್ನ್ ಇದೆ. ಸ್ಟೇರಿಂಗ್ ಮಾತ್ರ ಇಲ್ಲ. ಎಡಕ್ಕೋ ಬಲಕ್ಕೋ ಅನ್ನೋದು ಅವರ ಕೈಲಿಲ್ಲ. ನೆಲದ ಮೇಲೆ ಮಲಗಿರೋ ಎರಡು ಕಬ್ಬಿಣದ ನಾಲಿಗೆಗಳು ಯಾವ ಕಡೆ ಸರಿದು ನಿಂತಿರ್ತವೋ, ಸಾವಿರಾರು ಜನರನ್ನ ಹೊತ್ತ ಗಾಡಿ ಆ ಕಡೆಗೇ ಹೋಗುತ್ತೆ. ಅದಕ್ಕೆ ನಮ್ಮಲ್ಲಿ ರೈಲ್ವೆಯವರು ಹೇಳೋ ಹೆಸರು "ಪಾಯಿಂಟ್ಸ್".

ನಾನು ಪ್ರತಿ ಶನಿವಾರ ದಾವಣಗೆರೆಯಿಂದ ಬೀರೂರಿಗೆ, ಭಾನುವಾರ ಸಂಜೆ ವಾಪಸ್. ಚಿಕ್ಕಜಾಜೂರು, ಹೊಸದುರ್ಗ ರೋಡ್, ಅಜ್ಜಂಪುರ. ಎಲ್ಲಾ ಸ್ಟೇಷನ್ನಿನಲ್ಲೂ ಗಾಡಿ ಒಳಗೆ ಬರುವಾಗ ಕಾಲ ಕೆಳಗೆ ಒಂದು "ಕಟಕಟ ಕಟಕಟ" ಸದ್ದು, ಸಣ್ಣದೊಂದು ಓಲಾಟ. ಮೂರು ವರ್ಷ ಆ ಸದ್ದು ಕೇಳ್ತಾ ಮೊಬೈಲ್ ನೋಡ್ಕೊಂಡು ಕೂತಿದ್ದೆ. ಆಮೇಲೆ ಒಂದು ಸುದ್ದಿ ಓದಿದೆ. ಅದನ್ನ ಕೊನೇ ಭಾಗದಲ್ಲಿ ಹೇಳ್ತೀನಿ. ಅದನ್ನ ಓದಿದ ಮೇಲೆ ಆ ಸದ್ದು ಬಂದಾಗೆಲ್ಲ ತಲೆ ಎತ್ತಿ ಕಿಟಕಿ ಆಚೆ ನೋಡೋದು ಅಭ್ಯಾಸ ಆಗಿದೆ.

ಭಾಗ 2

(ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ಝೂಮ್ ಹಾಕಿ ತೆಗೆದದ್ದು. ಹಳಿಗೆ ಇಳಿದಿಲ್ಲ. ನೀವೂ ಇಳೀಬೇಡಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅದೂ ಅಲ್ಲದೆ ಈ ನಾಲಿಗೆಗಳು ದೂರದಲ್ಲಿರೋ ಯಾರೋ ಬಟನ್ ಒತ್ತಿದ ಕೂಡ್ಲೇ ಸರಿಯುತ್ತವೆ, ಮಧ್ಯೆ ನಿಮ್ಮ ಕಾಲಿದೆಯೋ ಇಲ್ಲವೋ ಕೇಳೋದಿಲ್ಲ.)

ಮೊದಲು ಚಕ್ರ ಅರ್ಥ ಮಾಡ್ಕೊಳ್ಳೋಣ. ರೈಲಿನ ಚಕ್ರದ ಒಳಬದಿಗೆ ಒಂದು ಅಂಚು ಇರುತ್ತೆ, ಫ್ಲಾಂಜ್ ಅಂತಾರೆ. ತಟ್ಟೆಯ ಅಂಚಿನ ಹಾಗೆ. ಅದು ಹಳಿಯ ಒಳಮೈಗೆ ಒತ್ತಿಕೊಂಡು ಗಾಡಿ ಜಾರದ ಹಾಗೆ ನೋಡ್ಕೊಳ್ಳುತ್ತೆ. ಅಂದ್ರೆ ಹಳಿ ಎಲ್ಲಿ ಬಾಗುತ್ತೋ ಅಂಚು ಅಲ್ಲಿ ಬಾಗುತ್ತೆ, ಅಷ್ಟೇ. ಪಾಯಿಂಟ್ ಅನ್ನೋದು ಆ ಅಂಚನ್ನ ಯಾವ ಸಂದಿಗೆ ತೂರಿಸೋದು ಅನ್ನೋ ಲೆಕ್ಕಾಚಾರ.

ಹೊರಗಡೆ ಎರಡು ಗಟ್ಟಿ ಹಳಿ ಕಾಣ್ತಿದೆಯಲ್ಲ, ಅವು ಅಲುಗಾಡಲ್ಲ. ಅವು ಸ್ಟಾಕ್ ರೈಲು. ಅವುಗಳ ಒಳಗೆ ಚಾಕು ಹೆರೆದ ಹಾಗೆ ತುದಿ ತೆಳ್ಳಗಾಗ್ತಾ ಬಂದಿರೋ ಎರಡು ಹಳಿಗಳೇ ಟಂಗ್ ರೈಲು. ನಮ್ಮ ನಾಲಿಗೆಗಳು ಅಂದ್ರೆ ಇವೇ. ಎರಡನ್ನೂ ಅಡ್ಡಪಟ್ಟಿಗಳಿಂದ ಕಟ್ಟಿರ್ತಾರೆ, ಸ್ಟ್ರೆಚರ್ ಬಾರ್ ಅಂತ. ಹಾಗಾಗಿ ಸರಿದ್ರೆ ಎರಡೂ ಒಟ್ಟಿಗೇ ಸರೀಬೇಕು. ಒಂದು ನಾಲಿಗೆ ತನ್ನ ಸ್ಟಾಕ್ ರೈಲಿಗೆ ಅಂಟಿಕೊಂಡಾಗ ಇನ್ನೊಂದು ಸುಮಾರು 115 ಮಿಲಿಮೀಟರ್ ದೂರ ನಿಂತು, ಅಂಚು ತೂರೋಕೆ ದಾರಿ ಬಿಡುತ್ತೆ. ನಮ್ಮ ಒಂದು ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಮೇನ್ ಲೈನಾ ಲೂಪ್ ಲೈನಾ ಅನ್ನೋದು ನಿಂತಿರೋದು ಆ ಅಂಗೈ ಅಗಲದ ಮೇಲೆ. ನಾಲಿಗೆಗಳು ಜಾರೋಕೆ ಕೆಳಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದ ಸ್ಲೈಡ್ ಚೇರ್‌ಗಳಿವೆ. ಕುರ್ಚಿಗೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಒಂದು ಕಬ್ಬಿಣದ ಪೀಠ.

ಸ್ವಲ್ಪ ಮುಂದೆ ಬನ್ನಿ. ಎರಡು ದಾರಿ ಬೇರೆ ಆಗುವಾಗ ಒಂದು ದಾರಿಯ ಎಡಹಳಿ ಇನ್ನೊಂದರ ಬಲಹಳಿಯನ್ನ ಕತ್ತರಿ ಹಾಕಿದಂಗೆ ದಾಟಲೇಬೇಕು. ಅಲ್ಲಿ ಅಂಚು ಹೋಗೋಕೆ ಹಳಿಯಲ್ಲೇ ಒಂದು ಸಂದಿ ಬಿಡ್ತಾರೆ. ಆ ಜಾಗದ ಹೆಸರು ಕ್ರಾಸಿಂಗ್, ಅದರ ಚೂಪು ತುದಿಗೆ ನೋಸ್ ಅಂತಾರೆ, ಮೂಗು. ನಾಲಿಗೆ ಆಯ್ತು, ಮೂಗಾಯ್ತು! ಆ ಕಟಕಟ ಸದ್ದು ಬರೋದು ಚಕ್ರ ಈ ಸಂದಿಯನ್ನ ಹಾರುವಾಗ. ಸಂದಿಯಲ್ಲಿ ಚಕ್ರ ತಪ್ಪು ಕಡೆಗೆ ಹೋಗದೇ ಇರೋಕೆ ಎದುರುಗಡೆ ಹಳಿಯ ಪಕ್ಕ ಒಂದು ಚಿಕ್ಕ ಕಾವಲು ಹಳಿ ಇದೆ, ಚೆಕ್ ರೈಲು. ಈ ಚಕ್ರ ದಾರಿ ತಪ್ಪಬಾರದು ಅಂತ ಅದೇ ಅಚ್ಚಿನ ಆ ಚಕ್ರವನ್ನ ಹಿಡಿದುಕೊಳ್ಳುತ್ತೆ. ಜಾತ್ರೇಲಿ ತಮ್ಮ ಕಳೆದುಹೋಗಬಾರದು ಅಂತ ಅಕ್ಕನ ಕೈ ಹಿಡ್ಕೊಂಡಂಗೆ.

ಇಡೀ ಸೆಟ್ಟಿಗೆ ಟರ್ನ್‌ಔಟ್ ಅಂತ ಹೆಸರು. ಅದರ ಪಕ್ಕ "1 ಇನ್ 12" ಅಂತ ಬರೆದದ್ದು ನೋಡಿದ್ರೆ, ಮೂಗಿನ ಹತ್ತಿರ ಹಳಿಗಳು 12 ಅಡಿ ಮುಂದೆ ಹೋದ್ರೆ 1 ಅಡಿ ಅಗಲುತ್ತವೆ ಅಂತ ಅರ್ಥ. "1 ಇನ್ 8.5" ಆದ್ರೆ ತಿರುವು ಇನ್ನೂ ಚುರುಕು, ಗಾಡಿ ಇನ್ನೂ ನಿಧಾನ ಹೋಗಬೇಕು. ನಮ್ಮ ಸ್ಟೇಷನ್‌ಗಳ ಲೂಪ್ ಲೈನಿಗೆ ತಿರುಗುವಾಗ ಸಾಮಾನ್ಯವಾಗಿ ಗಂಟೆಗೆ 30 ಕಿಲೋಮೀಟರ್ ಮಿತಿ. ಈ 30 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3

ಇತಿಹಾಸಕ್ಕೆ ಬರೋಣ. ಇದು ರೈಲು ಎಂಜಿನ್‌ಗಿಂತ ಹಳೇದು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಕುದುರೆ ಎಳೆಯೋ ಬಂಡಿಗಳಿಗೆ ಮರದ ಹಳಿ ಹಾಕಿದ್ದ ಕಾಲದಲ್ಲೇ ದಾರಿ ಬದಲಿಸೋ ಸಮಸ್ಯೆ ಇತ್ತು. ಶೆಫೀಲ್ಡ್‌ನ ಗಣಿಗಳನ್ನ ನೋಡ್ಕೊಳ್ತಿದ್ದ ಜಾನ್ ಕರ್ ಅನ್ನೋರು 1797ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ವಿಧಾನ ವಿವರಿಸಿದ್ರು. ಒಂದು ಮೊಳೆಯ ಸುತ್ತ ತಿರುಗೋ ಒಂದೇ ಒಂದು ಕಬ್ಬಿಣದ ಅಲಗು. ಎರಡಲ್ಲ, ಒಂದೇ ನಾಲಿಗೆ. ಕುದುರೆ ನಡೆಸೋನು ಇಳಿದು ಕಾಲಲ್ಲಿ ಒದ್ದು ತಿರುಗಿಸಿದ್ರೂ ನಡೀತಿತ್ತು ಅಂತ ನನ್ನ ಊಹೆ. ಕುದುರೆಯ ವೇಗಕ್ಕೆ ಅಷ್ಟು ಸಾಕು.

ಎಂಜಿನ್ ಬಂತು, ವೇಗ ಬಂತು, ಒದ್ದು ತಿರುಗಿಸೋ ಕಾಲ ಮುಗೀತು. ಆಗ ಬಹಳ ಕಡೆ ಬಂದದ್ದು ಸ್ಟಬ್ ಸ್ವಿಚ್. ಇದರಲ್ಲಿ ನಾಲಿಗೆಯೇ ಇಲ್ಲ. ಬರೋ ದಾರಿಯ ಹಳಿಗಳ ತುದಿಯನ್ನೇ ಹಿಡಿದು ಸರಿಸಿ, ಎದುರಿನ ಎರಡು ಜೋಡಿ ಹಳಿಗಳಲ್ಲಿ ಒಂದಕ್ಕೆ ನೇರ ಕೂರಿಸೋದು. ಮಾಡೋಕೆ ಸುಲಭ, ಅಗ್ಗ. ಅಮೆರಿಕದಲ್ಲಿ ಬಹಳ ಕಾಲ ನಡೀತು. ಆದ್ರೆ ಒಂದು ತೊಂದರೆ. ಸೆಟ್ ಆಗದ ದಾರಿಯಿಂದ ಗಾಡಿ ಬಂದ್ರೆ ಮುಂದೆ ಹಳಿಯೇ ಇಲ್ಲ! ಮೋರಿ ಮುಚ್ಚಳ ತೆಗೆದಿಟ್ಟ ಫುಟ್‌ಪಾತ್ ಇದ್ದಂಗೆ, ನೇರ ನೆಲಕ್ಕೆ.

1838ರಲ್ಲಿ ಚಾರ್ಲ್ಸ್ ಫಾಕ್ಸ್ ಅನ್ನೋ ಎಂಜಿನಿಯರ್ ಪೇಟೆಂಟ್ ತಗೊಂಡ ಪಾಯಿಂಟ್‌ನಲ್ಲಿ ಹಳಿಯೇ ಸ್ವಲ್ಪ ಬಳುಕಿ, ಗಾಡಿಯನ್ನ ನಯವಾಗಿ ಒಂದು ದಾರಿಯಿಂದ ಇನ್ನೊಂದಕ್ಕೆ ಹರಿಸ್ತಿತ್ತು. ಇವತ್ತು ನಮ್ಮ ಕಾಲ ಕೆಳಗೆ ಇರೋ ಪಾಯಿಂಟ್ ಇದೇ ವಂಶದ್ದು. ಇದೇ ಫಾಕ್ಸ್ ಆಮೇಲೆ 1851ರ ಲಂಡನ್ ಪ್ರದರ್ಶನಕ್ಕೆ ಗಾಜಿನ ಅರಮನೆ, ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಗುತ್ತಿಗೆದಾರ. ಜನಕ್ಕೆ ಆ ಅರಮನೆ ಗೊತ್ತು, ಅದು 1936ರಲ್ಲಿ ಸುಟ್ಟು ಹೋಯ್ತು. ಪಾಯಿಂಟ್ ಇನ್ನೂ ಇದೆ.

ಮೂಗಿನ ಕಥೆ ಬೇರೆ. ಎಲ್ಲಾ ಚಕ್ರಗಳೂ ಬಂದು ಗುದ್ದೋದು ಅಲ್ಲೇ, ಹಾಗಾಗಿ ಬೇಗ ಸವೀತಿತ್ತು. 1882ರಲ್ಲಿ ಅದೇ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಉಕ್ಕಿಗೆ ಶೇಕಡ 12ರ ಆಸುಪಾಸು ಮ್ಯಾಂಗನೀಸ್ ಸೇರಿಸಿ ಒಂದು ವಿಚಿತ್ರ ಲೋಹ ಮಾಡಿದ. ಅದಕ್ಕೆ ಬಡಿದಷ್ಟೂ ಗಟ್ಟಿಯಾಗುತ್ತೆ. ಇವತ್ತಿಗೂ ಕ್ರಾಸಿಂಗ್‌ಗಳನ್ನ ಎರಕ ಹೊಯ್ಯೋದು ಆ ಉಕ್ಕಿನಲ್ಲೇ.

ಭಾಗ 4

ಇಲ್ಲಿವರೆಗೂ ಕಬ್ಬಿಣದ ಸಮಸ್ಯೆ. ಇನ್ನು ಮನುಷ್ಯರ ಸಮಸ್ಯೆ. ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಭಾಗ ಇದು.

ಪಾಯಿಂಟ್ ಒಂದು ಕಡೆ ಇದೆ, ಸಿಗ್ನಲ್ ಇನ್ನೊಂದು ಕಡೆ ಇದೆ. ಮೊದಮೊದಲು ಇವೆರಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ಪಾಯಿಂಟ್ಸ್‌ಮನ್ ಲಿವರ್ ಎಳೆದು ದಾರಿ ಮಾಡಬೇಕು, ಆಮೇಲೆ ಸಿಗ್ನಲ್ ಕೊಡಬೇಕು. ಮರೆತು ಎಡಕ್ಕೆ ದಾರಿ ಮಾಡಿ ಬಲದ ಸಿಗ್ನಲ್ ಕೊಟ್ಟ ಅನ್ಕೊಳ್ಳಿ, ತಡೆಯೋರು ಯಾರೂ ಇಲ್ಲ. ಡ್ರೈವರ್‌ಗೆ ಕಾಣೋದು ಸಿಗ್ನಲ್. ಗಾಡಿ ಹೋಗೋದು ಪಾಯಿಂಟ್ ಹೇಳಿದ ಕಡೆ. ಎರಡೂ ಬೇರೆ ಬೇರೆ ಹೇಳಿದ್ರೆ?

ಬಿಕಾಂ ಮಕ್ಕಳಿಗೆ ಇದು ಗೊತ್ತಿರೋ ಕಥೆ. ಕ್ಯಾಶ್ ತಗೊಳ್ಳೋನೂ ಅವನೇ, ಲೆಡ್ಜರ್ ಬರೆಯೋನೂ ಅವನೇ ಆದ್ರೆ ಏನಾಗುತ್ತೆ ಅಂತ ಆಡಿಟಿಂಗ್ ಪೇಪರ್‌ನಲ್ಲಿ ಓದಿದ್ದೀವಲ್ಲ. ಅಲ್ಲಿ ಹೋಗೋದು ದುಡ್ಡು, ಇಲ್ಲಿ ಹೋಗೋದು ಜೀವ.

ಇದಕ್ಕೆ ಪರಿಹಾರ ಕೊಟ್ಟೋರಲ್ಲಿ ಮುಖ್ಯವಾದವರು ದೊಡ್ಡ ಎಂಜಿನಿಯರ್ ಅಲ್ಲ, ಬಡಗಿ ಕೆಲಸ ಕಲಿತು ರೈಲ್ವೆ ಸೇರಿದ ಜಾನ್ ಸ್ಯಾಕ್ಸ್‌ಬಿ. 1856ರಲ್ಲಿ ಪೇಟೆಂಟ್ ತಗೊಂಡ್ರು. ಪಾಯಿಂಟ್ ಮತ್ತು ಸಿಗ್ನಲ್ ಒಟ್ಟಿಗೇ ಚಲಿಸೋ ಹಾಗೆ ಜೋಡಿಸಿ, ಲಂಡನ್ನಿನ ಬ್ರಿಕ್‌ಲೇಯರ್ಸ್ ಆರ್ಮ್ಸ್ ಜಂಕ್ಷನ್ನಿನಲ್ಲಿ ಹಾಕಿದ್ರು. ಕೆಲವೇ ವರ್ಷದಲ್ಲಿ, 1859-60ರ ಹೊತ್ತಿಗೆ, ಕೆಂಟಿಶ್ ಟೌನ್ ಜಂಕ್ಷನ್ನಿನಲ್ಲಿ ಆಸ್ಟಿನ್ ಚೇಂಬರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದ್ರು. ಒಟ್ಟಿಗೆ ಚಲಿಸೋದು ಬೇಡ, ಸರದಿ ಇರಲಿ. ಮೊದಲು ಪಾಯಿಂಟ್ ಲಿವರ್ ಪೂರ್ತಿ ಎಳೀಬೇಕು, ಆಗ ಮಾತ್ರ ಸಿಗ್ನಲ್ ಲಿವರ್ ಬಿಡುತ್ತೆ. ಸಿಗ್ನಲ್ ಕೊಟ್ಟ ಮೇಲೆ ಪಾಯಿಂಟ್ ಲಿವರ್ ಕಚ್ಚಿಕೊಳ್ಳುತ್ತೆ, ಭೀಮ ಬಂದು ಎಳೆದ್ರೂ ಬರಲ್ಲ. ಒಳಗೆ ಬೀಗದ ಹಲ್ಲುಗಳ ಥರ ಕಬ್ಬಿಣದ ತುಂಡುಗಳು ಒಂದಕ್ಕೊಂದು ಅಡ್ಡ ನಿಲ್ತವೆ, ಅಷ್ಟೇ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಇದಕ್ಕೆ ಇಂಟರ್‌ಲಾಕಿಂಗ್ ಅಂತ ಹೆಸರು ಬಂತು. ಸ್ಯಾಕ್ಸ್‌ಬಿ ಆಮೇಲೆ ಫಾರ್ಮರ್ ಅನ್ನೋರ ಜೊತೆ ಸೇರಿ ಕಟ್ಟಿದ ಕಂಪನಿಯ ಹೆಸರು ಕೋಲ್ಕತ್ತಾವರೆಗೂ ಬಂತು.

"ತಪ್ಪು ಮಾಡಬೇಡ" ಅಂತ ಬೋರ್ಡ್ ಹಾಕೋದು ಬೇರೆ, ತಪ್ಪು ಮಾಡೋಕೇ ಆಗದ ಹಾಗೆ ಮಾಡೋದು ಬೇರೆ. ಅದನ್ನ ಯೋಚಿಸಿದವರಲ್ಲಿ ಬಡಗಿ ಕೆಲಸದಿಂದ ಬಂದವರೂ ಇದ್ರು ಅನ್ನೋದು ನನಗೆ ಖುಷಿ.

ಭಾಗ 5

ಆದ್ರೂ ಒಂದು ಓಟೆ ಉಳಿದಿತ್ತು. ಗಾಡಿ ಪಾಯಿಂಟ್ ಮೇಲೆ ಇರುವಾಗಲೇ ನಾಲಿಗೆ ಅಲುಗಾಡಿದ್ರೆ?

ಇಲ್ಲಿ ಎರಡು ಪದ ಬೇಕು. ಗಾಡಿ ನಾಲಿಗೆಯ ಚೂಪು ತುದಿಗೆ ಎದುರಾಗಿ ಬಂದು ದಾರಿ ಆರಿಸಿಕೊಳ್ಳೋ ಜಾಗ ಫೇಸಿಂಗ್ ಪಾಯಿಂಟ್. ಹಿಂದಿನಿಂದ ಬಂದು ಎರಡು ದಾರಿ ಒಂದಾಗೋ ಜಾಗ ಟ್ರೇಲಿಂಗ್ ಪಾಯಿಂಟ್. ವಸ್ತು ಒಂದೇ, ಬರೋ ದಿಕ್ಕು ಬೇರೆ. ಅಪಾಯ ಜಾಸ್ತಿ ಇರೋದು ಮೊದಲನೆಯದಲ್ಲಿ. ತುದಿ ಒಂಚೂರು ಬಿಟ್ಟುಕೊಂಡಿದ್ರೂ ಫ್ಲಾಂಜ್ ತಪ್ಪು ಕಡೆಗೆ ನುಗ್ಗುತ್ತೆ. ಈ ಭಯಕ್ಕೇ ಹಳೇ ಇಂಗ್ಲಿಷ್ ಕಂಪನಿಗಳು ಮೇನ್ ಲೈನಿನಲ್ಲಿ ಫೇಸಿಂಗ್ ಪಾಯಿಂಟ್ ಹಾಕೋಕೇ ಹೆದರ್ತಿದ್ರು. ಗಾಡಿಯನ್ನ ಮುಂದೆ ಕೊಂಡೊಯ್ದು ಹಿಂದಕ್ಕೆ ತಳ್ಳಿ ಪಕ್ಕದ ಲೈನಿಗೆ ಹಾಕಿಕೊಳ್ತಿದ್ರು.

1873ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಹೊರಟ ರಾತ್ರಿ ಗಾಡಿ ವಿಗನ್ ಸ್ಟೇಷನ್ ದಾಟ್ತಿತ್ತು. ಮುಂದಿನ ಬೋಗಿಗಳು ಸಲೀಸಾಗಿ ಹೋದ್ವು. ಹಿಂದಿನವು ಫೇಸಿಂಗ್ ಪಾಯಿಂಟ್ ಹತ್ತಿರ ಹಳಿ ತಪ್ಪಿದ್ವು. 13 ಜನ ಸತ್ರು. ವೇಗ ಕಾರಣವೋ ನಾಲಿಗೆ ಅಲುಗಾಡಿದ್ದು ಕಾರಣವೋ ಅಂತ ವಾದ ಆಯ್ತು, ಆದ್ರೆ ಇದಾದ ಮೇಲೆ ಫೇಸಿಂಗ್ ಪಾಯಿಂಟ್‌ಗೆ ಬೀಗ ಇರಲೇಬೇಕು ಅನ್ನೋ ಮಾತು ಗಟ್ಟಿಯಾಯ್ತು.

ಆ ಬೀಗ ಎಷ್ಟು ಸರಳ ಗೊತ್ತಾ? ನಾಲಿಗೆಗಳ ಅಡ್ಡಪಟ್ಟಿಯಲ್ಲಿ ಒಂದು ತೂತು, ಅದರೊಳಗೆ ತೂರೋ ಒಂದು ಕಬ್ಬಿಣದ ಗೂಟ. ನಾಲಿಗೆ ಪೂರ್ತಿ ಸರಿದಿದ್ರೆ ಮಾತ್ರ ಗೂಟ ತೂತಿಗೆ ಸರಿಯಾಗಿ ಕೂರುತ್ತೆ, ಬಾಗಿಲ ಚಿಲಕದ ಹಾಗೆ. ಇನ್ನೂ ಮಜಾ ಇರೋದು ಲಾಕ್ ಬಾರ್‌ನಲ್ಲಿ. ಹಳಿಯ ಒಳಬದಿಗೆ ಅಂಟಿದ ಒಂದು ಉದ್ದನೆ ಪಟ್ಟಿ. ಬೀಗ ತೆಗೀಬೇಕಾದ್ರೆ ಆ ಪಟ್ಟಿ ಒಂದು ಸಲ ಮೇಲೆದ್ದು ಇಳೀಬೇಕು. ಮೇಲೆ ಚಕ್ರ ಇದ್ರೆ ಪಟ್ಟಿ ಏಳೋಕೆ ಫ್ಲಾಂಜ್ ಬಿಡಲ್ಲ. ಅಂದ್ರೆ ಗಾಡಿ ಮೇಲಿರುವಾಗ ಬೀಗ ತೆಗೆಯೋದನ್ನ ಗಾಡಿಯೇ ತಡೆಯುತ್ತೆ! ಪಟ್ಟಿಯ ಉದ್ದ ಎರಡು ಚಕ್ರದ ನಡುವಿನ ಅತಿ ಹೆಚ್ಚು ಅಂತರಕ್ಕಿಂತ ಜಾಸ್ತಿ, ಹಾಗಾಗಿ ಯಾವ ಕ್ಷಣದಲ್ಲೂ ಒಂದು ಚಕ್ರವಾದ್ರೂ ಅದರ ಮೇಲೆ ಇದ್ದೇ ಇರುತ್ತೆ. ಇದನ್ನ ಓದಿದ ದಿನ ರಾತ್ರಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟನ್ನ ಎಬ್ಬಿಸಿ ಹೇಳಿದ್ದೆ. ಅವಳು ದಿಂಬು ಎಸೆದಳು.

ಇಷ್ಟೆಲ್ಲ ಇದ್ರೂ ಕಂಪನಿಗಳು "ಖರ್ಚು ಜಾಸ್ತಿ" ಅಂತ ರಾಗ ಎಳೀತಿದ್ವು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಹತ್ತಿರ ಮಕ್ಕಳು ತುಂಬಿದ್ದ ಪ್ರವಾಸದ ಗಾಡಿಯ ಬೋಗಿಗಳು ಹಿಮ್ಮುಖ ಉರುಳಿ ಇನ್ನೊಂದು ಗಾಡಿಗೆ ಬಡಿದ್ವು. 80 ಜನ ಸತ್ರು. ಅದು ಬ್ರೇಕಿನ ತಪ್ಪು, ಪಾಯಿಂಟ್‌ನದ್ದಲ್ಲ. ಆದ್ರೆ ಅದೇ ವರ್ಷ ಬಂದ ಕಾನೂನು ಬ್ರೇಕಿನ ಜೊತೆ ಇಂಟರ್‌ಲಾಕಿಂಗನ್ನೂ ಕಡ್ಡಾಯ ಮಾಡ್ತು. ಮೂವತ್ತು ವರ್ಷ ಗೊತ್ತಿದ್ದ ಪರಿಹಾರ, ಮಕ್ಕಳು ಸತ್ತ ಮೇಲೆ ಕಾನೂನಾಯ್ತು.

ಭಾಗ 6

(ಈ ಫೋಟೋದಲ್ಲಿರೋ ಕೈ ನಮ್ಮ ಚಿಕ್ಕಜ್ಜಂದು. ಅಮ್ಮನ ಚಿಕ್ಕಪ್ಪ. ಮುಖ ಹಾಕಬೇಡ ಅಂದ್ರು, ಕೈ ಹಾಕಿದ್ದೀನಿ.)

ಚಿಕ್ಕಜ್ಜ ಪಾಯಿಂಟ್ಸ್‌ಮನ್ ಆಗಿ ರಿಟೈರ್ ಆದೋರು. ನಮ್ಮ ಕಡೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದ್ದು. ಹಿಂದಿ ಸ್ಟಾಫು ಪಾಯಿಂಟ್‌ಗೆ "ಕಾಂಟಾ" ಅಂತಿದ್ರಂತೆ, ಮುಳ್ಳು. ನಮಗೆ ನಾಲಿಗೆ, ಅವರಿಗೆ ಮುಳ್ಳು!

"ಲಿವರ್ ಎಳೆಯೋದು ಕಷ್ಟ ಇತ್ತಾ ಚಿಕ್ಕಜ್ಜ?" ಅಂದೆ.

"ಹತ್ತಿರದ್ದಾದ್ರೆ ಏನಿಲ್ಲ ಕಣವ್ವ. ದೂರದ್ದು ಮಾತ್ರ ಮೈಯೆಲ್ಲ ಹಾಕಿ ಎಳೀಬೇಕು. ಪೈಪ್ ಅಷ್ಟುದ್ದ ಇರ್ತಿತ್ತು. ಬಿಸಿಲಿಗೆ ಕಬ್ಬಿಣ ಉದ್ದ ಆಗುತ್ತಲ್ಲ, ಅದಕ್ಕೂ ಒಂದು ತಿರುಗಣೆ ಇಟ್ಟಿರ್ತಿದ್ರು ಮಧ್ಯದಾಗೆ."

ಆ ತಿರುಗಣೆ ನಿಜವಾಗ್ಲೂ ಇದೆ. ಪೈಪ್ ಸಾಲಿನ ನಡುವೆ ಒಂದು ಕ್ರ್ಯಾಂಕ್ ಹಾಕಿ, ಒಂದರ್ಧ ತಳ್ಳಿದ್ರೆ ಇನ್ನರ್ಧ ಎಳೆಯೋ ಹಾಗೆ ಮಾಡ್ತಾರೆ. ಎರಡೂ ಅರ್ಧ ಬಿಸಿಲಿಗೆ ಹಿಗ್ಗಿದ್ರೂ ತುದಿಯಲ್ಲಿ ನಾಲಿಗೆ ಇದ್ದಲ್ಲೇ ಇರುತ್ತೆ.

ನಾನು ಕೇಳಿದ್ದೆಲ್ಲ ಲಿವರ್, ಬೀಗ. ಅವರು ಹೇಳಿದ್ದೆಲ್ಲ ಕಲ್ಲು. ನಾಲಿಗೆಗೂ ಸ್ಟಾಕ್ ರೈಲಿಗೂ ಮಧ್ಯೆ ಜಲ್ಲಿ ಸಿಕ್ಕಿಹಾಕಿಕೊಳ್ಳೋದು, ಮಳೆಗಾಲದ ಕೆಸರು, ದನ ಕಾಯೋ ಹುಡುಗರು ಆಟಕ್ಕೆ ಇಟ್ಟ ಕಲ್ಲು. ಗಾಡಿ ಬರೋಕೆ ಮುಂಚೆ ಲಾಟೀನು ಹಿಡ್ಕೊಂಡು ಹೋಗಿ ಬಗ್ಗಿ ನೋಡಿ, ಕೈಯಲ್ಲಿ ಕಲ್ಲು ತೆಗೆದು, ಎಣ್ಣೆ ಬಿಟ್ಟು, ವಾಪಸ್ ಬಂದು ಮಾಸ್ಟರ್‌ಗೆ ಹೇಳೋದು.

"ಲಿವರ್ ಬಂದ್ರೆ ಸೆಟ್ ಆದಂಗೆ ಅಲ್ವಾ? ಬಗ್ಗಿ ಯಾಕೆ ನೋಡಬೇಕು?"

ಚಿಕ್ಕಜ್ಜ ನನ್ನನ್ನೇ ಒಂದು ಸಲ ನೋಡಿದ್ರು. "ಲಿವರ್ ನನ್ನ ಕೈಯಾಗಿತ್ತು ಕಣವ್ವ. ನಾಲಿಗೆ ಅಲ್ಲಿತ್ತು."

ಭಾಗ 7

ಈಗ ಲಿವರ್ ಜಾಗಕ್ಕೆ ಮೋಟಾರ್ ಬಂದಿದೆ. ಹಳಿ ಪಕ್ಕ ಚಪ್ಪಟೆ ಕಬ್ಬಿಣದ ಪೆಟ್ಟಿಗೆ ಇರುತ್ತಲ್ಲ, ಅದು ಪಾಯಿಂಟ್ ಮೆಷಿನ್. ಸ್ಟೇಷನ್ ಮಾಸ್ಟರ್ ಪ್ಯಾನಲ್‌ನಲ್ಲಿ ಬಟನ್ ಒತ್ತಿದ್ರೆ ಕೆಲವೇ ಸೆಕೆಂಡ್‌ನಲ್ಲಿ ನಾಲಿಗೆ ಸರಿಸಿ, ಬೀಗ ಹಾಕಿ, "ಆಯ್ತು" ಅಂತ ತಂತಿಯಲ್ಲಿ ತಿರುಗಿ ಹೇಳುತ್ತೆ. ಕಬ್ಬಿಣದ ಹಲ್ಲುಗಳ ಜಾಗದಲ್ಲಿ ಮೊದಲು ರಿಲೇಗಳು ಬಂದ್ವು, ಈಗ ಬಹಳ ಕಡೆ ಕಂಪ್ಯೂಟರ್. ಆದ್ರೆ ನಿಯಮ ಕೆಂಟಿಶ್ ಟೌನಿನದ್ದೇ: ಮೊದಲು ಪಾಯಿಂಟ್, ಬೀಗ, ಆಮೇಲೆ ಸಿಗ್ನಲ್.

ಆ "ಆಯ್ತು" ಅಂತ ತಿರುಗಿ ಹೇಳೋದಿದೆಯಲ್ಲ, ಅದಕ್ಕೆ ಡಿಟೆಕ್ಷನ್ ಅಂತಾರೆ. ಮೋಟಾರ್ ತಿರುಗಿತು ಅಂದ್ರೆ ಸಾಲದು, ನಾಲಿಗೆ ನಿಜವಾಗ್ಲೂ ಅಂಟಿದೆಯಾ ಅಂತ ನಾಲಿಗೆಯಿಂದಲೇ ಕೇಳಬೇಕು. ನಮ್ಮಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ನಾಲಿಗೆಗೂ ಸ್ಟಾಕ್ ರೈಲಿಗೂ ಮಧ್ಯೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ಟು ಪಾಯಿಂಟ್ ತಿರುಗಿಸ್ತಾರೆ. ಆಗ ಬೀಗ ಬೀಳಬಾರದು, ಸಿಗ್ನಲ್ ಬರಬಾರದು. ಬಂದ್ರೆ ಆ ಪಾಯಿಂಟ್ ಫೇಲ್. ಅಂದ್ರೆ ಚಿಕ್ಕಜ್ಜನ ಬೆನ್ನು ಬಗ್ಗಿ ಮಾಡ್ತಿದ್ದ ಕೆಲಸ ಈಗ ತಂತಿ ಮಾಡುತ್ತೆ.

ನಮ್ಮ ಭಾಷೇಲಿ ಹೇಳಬೇಕಂದ್ರೆ ಬ್ಯಾಂಕ್ ರಿಕನ್ಸಿಲಿಯೇಶನ್. ನಮ್ಮ ಕ್ಯಾಶ್ ಬುಕ್ ಏನಾದ್ರೂ ಹೇಳಲಿ, ಬ್ಯಾಂಕಿನಿಂದ ಬರೋ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡು. ಹಾಗಾದ್ರೆ ಆ ಸ್ಟೇಟ್‌ಮೆಂಟೇ ಸುಳ್ಳಾದ್ರೆ?

ಭಾಗ 8

ಇದನ್ನ ಬರೆಯೋಕೆ ಎರಡು ದಿನ ತಗೊಂಡೆ.

ಇಂಟರ್‌ಲಾಕಿಂಗ್ ಇರುವಾಗ ತಪ್ಪು ಮಾಡೋದು ಬಹಳ ಕಷ್ಟ. ಹಾಗಾದ್ರೆ ಅಪಾಯ ಬರೋದು ಯಾವಾಗ? ರಿಪೇರಿ, ಹೊಸ ಲೈನು, ಹೊಸ ಗೇಟು ಅಂತ ಅದನ್ನ ಬಿಚ್ಚಿದಾಗ, ಬಿಚ್ಚಿ ಮತ್ತೆ ಜೋಡಿಸಿದಾಗ.

1999ರ ಆಗಸ್ಟ್ 2. ಬಿಹಾರದ ಕಿಶನ್‌ಗಂಜ್ ಸ್ಟೇಷನ್ನಿನಲ್ಲಿ ಕೆಲಸ ನಡೀತಿತ್ತು, ಇಂಟರ್‌ಲಾಕಿಂಗ್ ಇರಲಿಲ್ಲ, ಪಾಯಿಂಟ್‌ಗಳನ್ನ ಕೈಯಲ್ಲಿ ಸೆಟ್ ಮಾಡ್ತಿದ್ರು. ಅವಧ್ ಅಸ್ಸಾಂ ಎಕ್ಸ್‌ಪ್ರೆಸ್ ತಪ್ಪು ಲೈನಿಗೆ ಹೋಯ್ತು. ಯಾರೂ ಗಮನಿಸಲಿಲ್ಲ. ಗೈಸಲ್ ಹತ್ತಿರ ಎದುರಿಂದ ಬಂದ ಬ್ರಹ್ಮಪುತ್ರ ಮೇಲ್‌ಗೆ ನೇರ ಡಿಕ್ಕಿ. ಕನಿಷ್ಠ 285 ಸಾವು.

2023ರ ಜೂನ್ 2. ಇದು ನಿಮಗೆಲ್ಲ ನೆನಪಿರುತ್ತೆ. ಒಡಿಶಾದ ಬಾಲಾಸೋರ್ ಹತ್ತಿರ ಬಹನಾಗಾ ಬಜಾರ್ ಸ್ಟೇಷನ್. ಚೆನ್ನೈ ಕಡೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿಗೆ ಹಸಿರು ಸಿಗ್ನಲ್. ಗಾಡಿ ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿತ್ತು. ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಲೂಪಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಎರಡನೇ ಭಾಗದಲ್ಲಿ 30 ಅಂತ ಒಂದು ಸಂಖ್ಯೆ ಹೇಳಿದ್ದೆ.

ಉರುಳಿದ ಬೋಗಿಗಳು ಪಕ್ಕದ ಲೈನಿಗೂ ಬಿದ್ವು. ಅದೇ ಹೊತ್ತಿಗೆ ಆ ಲೈನಿನಲ್ಲಿ ಎದುರಿಂದ ಹೋಗ್ತಿದ್ದದ್ದು ನಮ್ಮ ಬೆಂಗಳೂರಿನಿಂದ ಹೊರಟಿದ್ದ ಹೌರಾ ಎಕ್ಸ್‌ಪ್ರೆಸ್. ಬಹುಪಾಲು ಗಾಡಿ ದಾಟಿಹೋಗಿತ್ತು, ಕೊನೆಯ ಬೋಗಿಗಳು ಸಿಕ್ಕಿಹಾಕಿಕೊಂಡ್ವು. ಎಲ್ಲಾ ಸೇರಿ 290ಕ್ಕೂ ಹೆಚ್ಚು ಜನ ಸತ್ರು.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿದ್ದು ಹೀಗೆ: ಹಿಂದೆ ಯಾವಾಗಲೋ ಸಿಗ್ನಲ್ ತಂತಿಗಳ ಜೋಡಣೆ ಬದಲಿಸಿದಾಗ ಲೋಪ ಆಗಿತ್ತು, ಗೇಟಿನ ಕೆಲಸಕ್ಕೆ ಅವತ್ತು ಮತ್ತೆ ಕೈ ಹಾಕಿದಾಗಲೂ ಲೋಪ ಆಯ್ತು. ಪಾಯಿಂಟ್ ಇದ್ದದ್ದು ಲೂಪಿಗೆ, ಆದ್ರೆ ತಂತಿಯಲ್ಲಿ ಬಂದ ಉತ್ತರ "ಮೇನ್ ಲೈನಿಗಿದ್ದೇನೆ" ಅಂತ. ಸ್ಟೇಟ್‌ಮೆಂಟೇ ಸುಳ್ಳು. ಆ ಸುಳ್ಳನ್ನ ನಂಬಿ ಇಂಟರ್‌ಲಾಕಿಂಗ್ ತನ್ನ ಕೆಲಸ ತಾನು ಸರಿಯಾಗಿಯೇ ಮಾಡ್ತು, ಹಸಿರು ಕೊಡ್ತು. ಒಂದು ವರ್ಷ ಮುಂಚೆ, 2022ರ ಮೇನಲ್ಲಿ, ಖರಗ್‌ಪುರ ವಿಭಾಗದ ಇನ್ನೊಂದು ಸ್ಟೇಷನ್ನಿನಲ್ಲಿ ಇದೇ ಥರದ ತಂತಿ ತಪ್ಪು ಆಗಿತ್ತು ಅಂತಲೂ ಆ ವರದಿ ಹೇಳುತ್ತೆ.

ಲೋಕೋ ಪೈಲಟ್ ಏನೂ ಮಾಡೋ ಹಾಗಿರಲಿಲ್ಲ. ಸಂಜೆ ಏಳರ ಮಬ್ಬು, ಅಷ್ಟು ವೇಗ, ಕಣ್ಣೆದುರು ಹಸಿರು. ಅಂಗೈ ಅಗಲದ ಸಂದಿಯನ್ನ ಯಾರು ನೋಡ್ತಾರೆ?

ಭಾಗ 9, ಕೊನೇದು

ಮೊದಲ ಭಾಗದಲ್ಲಿ ಒಂದು ಸುದ್ದಿ ಅಂದಿದ್ದೆನಲ್ಲ.

ಬಹನಾಗಾ ದುರಂತ ಆದ ಮೇಲೆ ಒಂದು ಹಳೇ ಪತ್ರ ಪೇಪರ್‌ಗಳಲ್ಲಿ ಬಂತು. ನಮ್ಮ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಅದೇ ವರ್ಷದ ಫೆಬ್ರವರಿಯಲ್ಲಿ ಬರೆದದ್ದು. ದುರಂತಕ್ಕೆ ಸುಮಾರು ನಾಲ್ಕು ತಿಂಗಳು ಮುಂಚೆ. ಫೆಬ್ರವರಿ 8ರಂದು ಒಂದು ಸ್ಟೇಷನ್ನಿನಲ್ಲಿ ಕರ್ನಾಟಕ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಸರಿ ಇತ್ತು, ಪ್ಯಾನಲ್‌ನಲ್ಲಿ ದಾರಿ ಸರಿ ತೋರಿಸ್ತಿತ್ತು, ಪಾಯಿಂಟ್ ಮಾತ್ರ ತಪ್ಪು ಲೈನಿಗೆ ತಿರುಗಿತ್ತು. ಗಾಡಿ ಹೊರಟ ಮೇಲೆ ದಾರಿ ಬದಲಾಗೋದು ಇಂಟರ್‌ಲಾಕಿಂಗ್‌ನ ಮೂಲತತ್ವಕ್ಕೇ ವಿರುದ್ಧ, ಇದನ್ನ ತಕ್ಷಣ ಸರಿಪಡಿಸದಿದ್ರೆ ದೊಡ್ಡ ಅಪಘಾತ ಆಗಬಹುದು ಅನ್ನೋದು ಪತ್ರದ ಸಾರ.

ಆ ಸ್ಟೇಷನ್ ಹೊಸದುರ್ಗ ರೋಡ್. ನಾನು ವಾರಕ್ಕೆ ಎರಡು ಸಲ ದಾಟೋ ಸ್ಟೇಷನ್.

ಅವತ್ತು ಏನೂ ಆಗಲಿಲ್ಲ. ಅದಕ್ಕೇ ನಮಗ್ಯಾರಿಗೂ ಗೊತ್ತಾಗಲಿಲ್ಲ, ಯಾರ ಸ್ಟೇಟಸ್‌ನಲ್ಲೂ ಬರಲಿಲ್ಲ. ಗಾಡಿ ಇನ್ನೂ ವೇಗ ಹಿಡಿದಿರಲಿಲ್ಲ. ಲೋಕೋ ಪೈಲಟ್ ಮುಂದೆ ಹಳಿ ನೋಡಿದ್ರು, ನಾಲಿಗೆ ಬೇರೆ ಕಡೆ ಇತ್ತು, ಬ್ರೇಕ್ ಹಾಕಿ ಪಾಯಿಂಟ್‌ಗಿಂತ ಮುಂಚೆಯೇ ನಿಲ್ಲಿಸಿದ್ರು. ಎದುರಿಂದ ಗೂಡ್ಸ್ ಬರೋದಿತ್ತು ಅಂತ ವರದಿಗಳು ಹೇಳ್ತವೆ.

ಇದನ್ನ ಚಿಕ್ಕಜ್ಜಂಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಕೊಂಡು ಕೇಳ್ತಿದ್ರು, ನಿದ್ದೆ ಹೋದ್ರೇನೋ ಅನ್ಕೊಂಡೆ.

"ಸಿಗ್ನಲ್ ಇತ್ತಾ?" ಅಂದ್ರು.

"ಇತ್ತು ಚಿಕ್ಕಜ್ಜ."

"ಆದ್ರೂ ನೋಡಿದಾನೆ."

ಅಷ್ಟು ಹೇಳಿ ಎದ್ದು ಎಲೆ-ಅಡಿಕೆ ಡಬ್ಬಿ ಹುಡುಕೋಕೆ ಹೋದ್ರು.

ಈ ಸರಣಿಯ ಮೊದಲ ಫೋಟೋ, ಕಿಟಕಿ ಗಾಜಿನ ಆಚೆ ಎರಡು ಹಳಿ ಕೂಡೋದು ಕಾಣುತ್ತಲ್ಲ, ಅದು ಭಾನುವಾರ ಸಂಜೆ ಹೊಸದುರ್ಗ ರೋಡ್ ದಾಟುವಾಗ ತೆಗೆದದ್ದು. ಗಾಡಿ ಓಲಾಡಿ ಫೋಟೋ ಸ್ವಲ್ಪ ಮಸುಕಾಗಿದೆ. ಝೂಮ್ ಮಾಡಿದ್ರೆ ಎಡಗಡೆ ನಾಲಿಗೆ ಸ್ಟಾಕ್ ರೈಲಿಗೆ ಅಂಟಿಕೊಂಡಿರೋದು ಕಾಣುತ್ತೆ.

#ಪಾಯಿಂಟ್ಸ್ #ರೈಲಿನಕಥೆ #ಹೊಸದುರ್ಗರೋಡ್ #ಕನ್ನಡದಲ್ಲಿಇತಿಹಾಸ